ಬಾವಿಗೆ ಇಳಿಬಿಟ್ಟ ಬಾಟಲಿಗಳು

ಹೋದ ಡಿಸೆಂಬರಿನಲ್ಲಿ ಕಲಬುರಗಿಯ ಮಗಳ ಮನೆಗೆ ಹೋಗಿದ್ದೆ. ಒಂದು ಬೆಳಿಗ್ಗೆ ಅಡುಗೆ ಕಟ್ಟೆಯ ಮೇಲೆ ಹಿಂದಿನ ದಿನದ ಗಾಜಿನ ಲೋಟಗಳಿದ್ದವು. ರಜೆಗೆಂದು ಅಳಿಯನ ಗೆಳೆಯರು ಬಂದಿದ್ದರು. ತೊಳೆದಿಡೋಣವೆಂದು ಒಂದನ್ನು ಎತ್ತಿಕೊಂಡೆ. ಬೇವಿನ ಹೂವನ್ನು ಅಂಗೈಯಲ್ಲಿ ಹೊಸಕಿ, ಅದರ ಮೇಲೆ ಕಿತ್ತಳೆ ಸಿಪ್ಪೆ ಹಿಂಡಿದಂಥ ವಾಸನೆ. ಲೋಟವನ್ನು ಹಾಗೆಯೇ ಕೆಳಗಿಟ್ಟೆ. ಎಷ್ಟೋ ವರ್ಷಗಳ ಹಿಂದೆ, ಆಳಂದದ ಒಂದು ಹೊಸ್ತಿಲಲ್ಲಿ ಕೂತು ಮೂಸಿದ ವಾಸನೆ ಅದು. ಅದರ ಹಿಂದೆಯೇ ಆಯಿ ನೆನಪಾದರು...

ಆಯಿ ನಮ್ಮ ಮನೆ ಮಾಲಕಿ. ಎಂಬತ್ತರ ದಶಕದ ಮೊದಲಿನ ವರ್ಷಗಳು. ನಮ್ಮ ಮನೆಯವರು ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಆಯಿಯ ಮನೆಯ ಹಿಂದಿನ ಎರಡು ಖೋಲಿ ನಮಗೆ, ಮುಂದಿನ ಭಾಗ ಅವರಿಗೆ. ನಡುವೆ ಅಂಗಳ, ಅಂಗಳದಲ್ಲಿ ಸಿಹಿನೀರಿನ ಬಾವಿ. ಓಣಿಯವರೆಲ್ಲ ಅಲ್ಲಿ ನೀರು ಸೇದುತ್ತಿದ್ದರು. ಆದರೆ ನಸುಕಿನ ಮೊದಲ ಕೊಡ ಮಾತ್ರ ಆಯಿಯದು, ಲಿಂಗಪೂಜೆಯ ಅಗ್ಘವಣಿಗೆ, ಲಿಂಗಕ್ಕೆ ಎರೆಯುವ ನೀರಿಗೆ. ಖೋಲಿ ಕೊಡುವಾಗಲೇ ಹೇಳಿದ್ದರು: "ಇದು ಲಿಂಗಪೂಜಿ ನಡಿಯೂ ಮನಿ ಅದ ತಂಗಿ. ಕುಡಿಯೋದು ತಿನ್ನೋದು ಇದ್ರ ಬ್ಯಾರೆ ಕಡಿ ನೋಡ್ಕೋರಿ."

ನನಗಾಗ ಆರು ತಿಂಗಳು ತುಂಬಿತ್ತು. ಹಡೆದವ್ವ ನಾನು ಚಿಕ್ಕವಳಿದ್ದಾಗಲೇ ಲಿಂಗೈಕ್ಯಳಾಗಿದ್ದಳು, ತವರೆಂಬುದು ಹೆಸರಿಗಷ್ಟೇ. "ಬಾಣಂತನ ನಾನೇ ಮಾಡ್ತೇನಿ, ಎಲ್ಲಿಗೂ ಹೋಗಬ್ಯಾಡ" ಎಂದು ಆಯಿ ತಾವಾಗಿಯೇ ಅಂದಿದ್ದರು. ಆ ಮನೆ ಬಿಟ್ಟರೆ ನನಗೆ ಇನ್ನೊಂದು ಜಾಗವಿರಲಿಲ್ಲ. ಅಂಥ ಜಾಗ ಕೊಟ್ಟ ಶಿವನನ್ನು ದಿನಾ ನೆನೆಯುತ್ತಿದ್ದೆ.

ಆ ವರ್ಷದ ಎಳ್ಳಮಾವಾಸ್ಯೆ. ನಮ್ಮ ಕಡೆ ಅಂದು ಊರಿಗೆ ಊರೇ ಹೊಲಕ್ಕೆ ಹೋಗಿ, ಪೈರಿಗೆ ಹಬ್ಬದ ಅಡುಗೆಯ ಚರಗ ಚೆಲ್ಲಿ, ಅಲ್ಲೇ ಉಣ್ಣುತ್ತದೆ. ಆಯಿ ಕಾಳು-ಸೊಪ್ಪಿನ ಭಜ್ಜಿ, ಕಡುಬು, ಸಜ್ಜೆ ರೊಟ್ಟಿಯ ಬುಟ್ಟಿ ಕಟ್ಟಿಕೊಂಡು ಸರಸಂಬಾದ ತಮ್ಮ ಹೊಲಕ್ಕೆ ಹೊರಟರು. ಬರುವುದು ಕತ್ತಲಾದ ಮೇಲೆಯೇ ಎಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಮನೆಯವರಿಗೂ ಗೊತ್ತಿತ್ತು.

ಮಧ್ಯಾಹ್ನ ಅವರ ಗೆಳೆಯರಿಬ್ಬರು ಬಂದರು. ಒಬ್ಬರು ಸೊಲ್ಲಾಪುರ ಬಸ್ಸಿನ ಕಂಡಕ್ಟರ್, ಇನ್ನೊಬ್ಬರು ದನದ ದವಾಖಾನೆಯ ಕಂಪೌಂಡರ್. ಕಂಡಕ್ಟರ್ ಕೈಯಲ್ಲಿ ಗೋಣಿಚೀಲ, ಅದರಲ್ಲಿ ಸೊಲ್ಲಾಪುರದ ಎರಡು ಥರದ ಬಿಯರ್ ಬಾಟಲಿಗಳು. ತಣ್ಣಗಾಗಲೆಂದು ಚೀಲವನ್ನು ಬಾವಿಯ ಹಗ್ಗಕ್ಕೇ ಕಟ್ಟಿ ಇಳಿಬಿಟ್ಟರು. "ಆಯಿ ನೀರ್ರೀ ಅದು" ಅಂದೆ. "ಬಾಟ್ಲಿ ಮುಚ್ಚಳ ಗಟ್ಟಿ ಅದಾವ, ನೀ ಸುಮ್ಮನಿರು" ಅಂದರು ನಮ್ಮವರು. ಮೊರ ಕೊಟ್ಟು ಹೊಸ್ತಿಲಲ್ಲಿ ಕೂಡಿಸಿದರು. "ಜೋಳ ಹಸನ ಮಾಡ್ಕೋಂತ ಕುಂದ್ರು. ಯಾರರೆ ಬಂದ್ರ ಕೆಮ್ಮು."

ಕಲ್ಲು ತಣ್ಣಗಿತ್ತು. ಸೆರಗಿನೊಳಗೆ ಲಿಂಗವನ್ನು ಹಿಡಿದುಕೊಂಡು ಕೂತೆ. ಒಳಗಿನ ಮಾತೆಲ್ಲ ಕೇಳುತ್ತಿತ್ತು.

"ಲೇ, ಮೊದಲ ಸಾದಾದು ಕುಡೀರಿ, ಆಮ್ಯಾಲ ಇದು" ಎಂದರು ಕಂಡಕ್ಟರ್. "ಇದು ನಾತಾಳಕ್ಕ, ಕ್ರಿಸ್‌ಮಸ್ ಹಬ್ಬಕ್ಕಷ್ಟ ಮಾಡೂ ಮಾಲು ಅಂತ. ಅದ್ಯಾವ್ದೋ ಹೂ ಜಾಸ್ತಿ ಹಾಕಿರ್ತಾರಂತ."

"ಹೂ ಅಲ್ಲಲೇ, ಬೇವಿನ ತೊಪ್ಪಲ ಕುದಿಸ್ಯಾರ" ಎಂದರು ಕಂಪೌಂಡರ್. "ಹೊಟ್ಟಿ ಉಬ್ಬಿದ ಎತ್ತಿಗಿ ನಾವು ಹಾಕೂ ಔಷಧ ಬರೋಬರಿ ಹಿಂಗ ಇರ್ತದ."

"ಎತ್ತು ಮತ್ತ ಬೇಕಂತದೇನು?"

"ಎತ್ತು ಅನ್ನಂಗಿಲ್ಲ. ನಾ ಅನ್ನಾಕತ್ತೇನಿ. ಜರಾ ಹಾಕು."

ನಗೆಯೋ ನಗೆ. ನಮ್ಮವರು ಮಾತ್ರ ಪರೀಕ್ಷೆಗೆ ಕೂತವರ ಹಾಗೆ ಒಂದು ಲೋಟದ್ದು ಒಂದು ಗುಟುಕು, ಇನ್ನೊಂದರದ್ದು ಒಂದು ಗುಟುಕು ಕುಡಿಯುತ್ತಿದ್ದರು. "ಸಾದಾದು ನಾಲಿಗಿ ಮ್ಯಾಲಿಂದ ಹರಿದು ಹೋಗ್ತದ. ಇದು ಮೊದಲ ಗುಟುಕಿಗಿ ಜಗಳ ತಗೀತದ, ಎರಡನೇದಕ್ಕ ಬೀಗರಂಗ ಕೂಡ್ತದ" ಅಂದರು. ಕಂಡಕ್ಟರ್ ಎದ್ದು ಬಂದು, "ವೈನಿ, ನೀವು ಬರೇ ವಾಸನಿ ನೋಡಿ ಹೇಳ್ರಿ, ಇದು ಹೂವೋ ತೊಪ್ಪಲೋ" ಎಂದು ಲೋಟವನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಮುಖ ತಿರುಗಿಸುವ ಮೊದಲೇ ವಾಸನೆ ಒಳಗೆ ಹೋಗಿತ್ತು. ಹೂವೇ, ಅನ್ನಿಸಿತು. ಹೇಳಲಿಲ್ಲ. ಕಂಡಕ್ಟರ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊತ್ತು ಇಳಿಯುವ ಮೊದಲೇ ತಲೆಬಾಗಿಲು ಸದ್ದಾಯಿತು. ಆಯಿ! ಕಂಕುಳಲ್ಲಿ ಬುಟ್ಟಿ. ನಾನು ಕೆಮ್ಮಿದೆ. ಇನ್ನೊಮ್ಮೆ ಕೆಮ್ಮಿದೆ. ಒಳಗೆ ಗಪ್ಪಾಯಿತು. ತಮ್ಮ ಪಡಸಾಲೆಗೆ ಹೋಗಬೇಕಾಗಿದ್ದ ಆಯಿ ನನ್ನ ಕೆಮ್ಮು ಕೇಳಿ ನೆಟ್ಟಗೆ ನನ್ನ ಕಡೆಗೇ ಬಂದರು.

"ಯಾಕ ಬೇ, ಕೆಮ್ಮು ಹತ್ಯಾದೇನು? ಈ ಥಂಡ್ಯಾಗ ಕಲ್ಲಿನ ಮ್ಯಾಲ ಕುಂತೀಯಲ್ಲ!" ಎಂದು ಹಣೆ ಮುಟ್ಟಿ ನೋಡಿದರು. "ಬಸರಿ ಹೆಂಗಸು ಒಬ್ಬಾಕಿನ ಅದಾಳ, ಚರಗದ ಊಟ ಹೊತ್ತಿಗಿ ಮುಟ್ಟಿಸಾಮಂತ ಸಿಕ್ಕ ಬಸ್ ಹತ್ತಿ ಬಂದೆ. ತಡಿ, ಶುಂಠಿ ಕಷಾಯ ಮಾಡಿ ಕೊಡ್ತೇನಿ."

ಕಷಾಯಕ್ಕೆ ನೀರು ಬೇಕಲ್ಲ. ಬಾವಿಯ ಕಡೆ ನಡೆದರು. ಹಗ್ಗ ಎಳೆದರು. ಗಾಜು ಗಾಜಿಗೆ ತಾಗುವ ಸದ್ದು ಮೇಲೆ ಬರುತ್ತ ಬಂತು. ಚೀಲ ಬಂತು. ಒಳಗೆ ಇನ್ನೂ ಮುಚ್ಚಳ ತೆಗೆಯದ ಎರಡು ಬಾಟಲಿ. ಭೂಮಿ ಬಾಯಿ ಬಿಟ್ಟಿದ್ದರೆ ಹೊಟ್ಟೆಯ ಕೂಸಿನ ಸಮೇತ ಇಳಿದುಬಿಡುತ್ತಿದ್ದೆ.

"ಹೊರಗ ಬರ್ರೆಪಾ" ಎಂದರು ಆಯಿ, ದನಿ ಏರಿಸದೆ. ಮೂವರೂ ಬಂದು ನಿಂತರು, ಮೀಸೆ ಒರೆಸಿಕೊಳ್ಳುತ್ತ.

"ಏನಿದು?"

ಕಂಡಕ್ಟರ್ ತೊದಲಿದರು. "ಹೂವಿನ್ದು ಆಯಿ... ಹೂ ಹಾಕಿ ಮಾಡಿದ್ದು."

"ಹಂಗಾರ ಛಲೋ ಆತು. ಹೂ ಅಂದ್ರ ದೇವರಿಗಿ ಏರಿಸಾಮು, ತಗೊಂಡು ಬಾ ಜಗಲಿಗಿ."

ಯಾರೂ ಅಲುಗಲಿಲ್ಲ. ಆಯಿ ಕೊಡವನ್ನು ನಮ್ಮವರ ಮುಂದೆ ಇಟ್ಟರು. "ಕುಡಿದದ್ದು ಇಳೀಬೇಕಲ್ಲ. ಬಾವಿ ಉಪಸ್ರಿ."

ಸಂಜೆಯ ತನಕ ಮೂವರೂ ನೀರು ಸೇದಿ ಸೇದಿ ಬಚ್ಚಲಿಗೆ ಸುರಿದರು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಏನಾತ್ರಿ ಆಯಿ, ಹಬ್ಬದ ದಿನ ಬಾವಿ ಉಪಸಾಕತ್ತೀರಿ?" ಎಂದಳು. ಓಣಿಗೆ ಗೊತ್ತಾದರೆ ನಾಳೆ ನಾವು ಬೀದಿಗೆ.

"ಬೆಕ್ಕು ಬಿದ್ದಿದ್ದವು ಬೇ" ಎಂದರು ಆಯಿ. "ಮೂರು."

ಆಯಿ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಆಗಲೇ ಮೊದಲು. ಆಮೇಲೆ ನನ್ನನ್ನು ತಮ್ಮ ಒಲೆಯ ಮುಂದೆ ಕೂಡಿಸಿ ಕಷಾಯ ಕುಡಿಸಿದರು, ರೊಟ್ಟಿ ಭಜ್ಜಿ ಬಿಸಿ ಮಾಡಿ ಬಡಿಸಿದರು. ಮುರಿದ ರೊಟ್ಟಿಯನ್ನು ತಟ್ಟೆಯ ಅಂಚಿಗಿಟ್ಟೆ. "ಆಯಿ, ನಿಮ್ಮ ಪೂಜಿ ನೀರು..." ಅಂದೆ.

"ನೀರಿಗಿ ಎಲ್ಲಿ ಮೈಲಿಗಿ? ಬಸವಣ್ಣನೋರ ಮಕ್ಕಳಿಗಿ ಮೈಲಿಗಿ ಇಲ್ಲ. ಗಂಡಸ್ರು ಕುಡೀಲಿ ಬಿಡಲಿ, ನೀ ಯಾಕ ಬಾಗಲ ಕಾಯಾಕ ಕುಂತಿ? ಹೊಟ್ಯಾಗ ಕೂಸ ಇಟ್ಕೊಂಡು... ಉಣ್ಣು, ಆರತದ."

ಅಷ್ಟೇ. ಖೋಲಿ ಬಿಡಿ ಅನ್ನಲಿಲ್ಲ. ನಮ್ಮವರು ಮರುದಿನ ಅವರ ಕಾಲು ಹಿಡಿದರು. ಮುಂದೆ ಎಂದೂ ಮುಟ್ಟಲಿಲ್ಲ. ಹೇಳಿದ ಹಾಗೆ ಆಯಿ ನನ್ನ ಬಾಣಂತನ ಮಾಡಿದರು. ದೇವರು ಎಷ್ಟು ದೊಡ್ಡವನು ಅಂದುಕೊಂಡು ಹಗುರಾಗಿದ್ದೆ.

ಕೂಸಿಗೆ ಎರೆಯಲು ಬರುತ್ತಿದ್ದ ಮುದುಕಿ ಒಂದು ದಿನ ಮಾತಿಗೆ ಮಾತು ಬಂದು ಕೇಳಿದಳು: "ಮನ್ಯಾಗ ಬಾವಿ ಇಟ್ಕೊಂಡು ನಿಮ್ಮ ಆಯಿ ದಿನಾ ನಸಕಿನ್ಯಾಗ ಮಠದ ಬಾವಿಗಿ ಯಾಕ ಬರತಾಳ? ಎಳ್ಳಮಾಸಿಯಿಂದ ನೋಡಾಕತ್ತೇನಿ."

ಅಡುಗೆಗೆ, ಕುಡಿಯಲು, ನನಗೆ ಎರೆಯಲು ಎಲ್ಲದಕ್ಕೂ ಅಂಗಳದ ನೀರೇ. ಲಿಂಗಕ್ಕೆ ಮಾತ್ರ ಅವರ ಮನಸ್ಸು ಒಪ್ಪಿರಲಿಲ್ಲ. ನಾನು ಏಳುವ ಮೊದಲೇ ಹೋಗಿ ಬಂದುಬಿಡುತ್ತಿದ್ದರು. ಅವತ್ತು ಸಂಜೆ ತಡೆಯಲಾರದೆ ಕೇಳಿದೆ. ಆಯಿ ಕೂಸನ್ನು ತೊಡೆಯ ಮೇಲೆ ಹೊರಳಿಸುತ್ತ, "ಮೊಳಕಾಲು ಹಿಡೀತಾವ ಬೇ. ಮುಂಜಾನಿ ನಾಕ್ ಹೆಜ್ಜಿ ನಡೀರಿ ಅಂದಾರ ಡಾಕ್ಟರ್" ಎಂದರು. ನನ್ನ ಮುಖ ನೋಡಲಿಲ್ಲ. ನಾನೂ ತಲೆ ಎತ್ತಲಿಲ್ಲ.

ಮುಂದೆ ಜೇವರ್ಗಿಗೆ ವರ್ಗವಾಯಿತು. ಆಯಿ ಲಿಂಗೈಕ್ಯರಾದ ಸುದ್ದಿ ತಡವಾಗಿ ಬಂತು, ಮಣ್ಣಿಗೆ ಹೋಗಲಾಗಲಿಲ್ಲ. ಆ ಬಾವಿಯ ಮೇಲೆ ಈಗ ಬಂಡೆ ಎಳೆದಿದ್ದಾರಂತೆ...

ಲೋಟ ತೊಳೆಯುತ್ತಿದ್ದಾಗ ಮಗಳು ಎದ್ದು ಬಂದಳು. "ಬಿಡವ್ವ, ಅವರ ಲೋಟ ಅವರ ತೊಳೀತಾರ" ಎಂದು ನನ್ನ ಕೈಯಿಂದ ಕಿತ್ತುಕೊಂಡಳು. ಹಿಂದಿನ ಸಂಜೆ ಅವಳು ಯಾವ ಬಾಗಿಲನ್ನೂ ಕಾದಿರಲಿಲ್ಲ, ನನ್ನ ಪಕ್ಕ ಹಾಸಿಗೆಯ ಮೇಲೆ ಕೂತು ಹರಟೆ ಹೊಡೆದಿದ್ದಳು. ಅದೊಂದು ದಯೆ, ಶಿವನ ಲೆಕ್ಕಕ್ಕೆ ಸೇರಿಸಿಕೊಂಡೆ. ನನ್ನ ಹೊಟ್ಟೆಯಲ್ಲಿದ್ದಾಗ ಆಯಿ ಕಾದ ಕೂಸು ಇವಳೇ.

ಪೂಜೆಗೆ ನಳದ ಕೆಳಗೆ ಕೂತು ತಂಬಿಗೆ ಹಿಡಿದೆ. ತುಂಬಿದ ತಂಬಿಗೆಯೊಂದಿಗೆ ಏಳಲು ಹೋದರೆ ಮೊಣಕಾಲು ಮೇಲೇಳಲಿಲ್ಲ, ಗೋಡೆ ಹಿಡಿದುಕೊಂಡೆ. ಮಠದ ಬಾವಿಯಿಂದ ದಿನಾ ನಸುಕಿನಲ್ಲಿ ಆಯಿ ತರುತ್ತಿದ್ದದ್ದು ತುಂಬಿದ ಕೊಡ.