ನಮ್ಮುಡುಗಿ ಸಮುದ್ರ ದಾಟಲಿಲ್ಲ

ಅಕ್ಕ, ನಿನ್ನ ಕಾರು ಇಲ್ಲಿಲ್ಲ. ಇಲ್ಲಿಗೆ ಬರಲೇ ಇಲ್ಲ. ಭಾನುವಾರ ಭಾನುವಾರ ನಾನು ನಿನಗೆ ಹೇಳುತ್ತಿದ್ದ ಸಮುದ್ರದ ದಾರಿ ನಿಜ, ದಾರಿಯ ಪಕ್ಕದ ಸಾಲುಮರ ನಿಜ, ಸಂಜೆಯ ಉಪ್ಪುಗಾಳಿ ನಿಜ — ಆ ದಾರಿಯಲ್ಲಿ ಓಡುತ್ತಿದ್ದ ಕಾರೊಂದು ಮಾತ್ರ ಸುಳ್ಳು.

ಫೋನಿನಲ್ಲೇ ಹೇಳಿಬಿಡಬೇಕೆಂದು ಎಷ್ಟೋ ಸಲ ಹೊರಟೆ. ಆದರೆ "ಏನ್ಲಾ ತಮ್ಮಯ್ಯ, ನಮ್ಮುಡುಗಿ ಎಂಗವ್ಳೆ?" ಎಂಬ ನಿನ್ನ ದನಿ ಕಿವಿಗೆ ಬಿದ್ದೊಡನೆ ನನ್ನ ಬಾಯಿಗೆ ನಿಜ ಬರುವುದಿಲ್ಲ. ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಜೀವಮಾನವೆಲ್ಲ ಪಾಠ ಹೇಳಿದ ಬಾಯಿ, ಶುರುವಾದರೆ ಬೆಲ್ಲು ಹೊಡೆಯುವವರೆಗೂ ನಿಲ್ಲುವುದಿಲ್ಲ ಎಂದು ನೀನೇ ಅಣಕಿಸುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಕೆನೆಬಣ್ಣದ ಅಂಬಾಸಿಡರನ್ನು 'ನಮ್ಮುಡುಗಿ' ಎಂದು ಕರೆದವರು ಭಾವ. ನಿಮಗೆ ಮಕ್ಕಳಿರಲಿಲ್ಲ, ಅದೇ ಮಗಳಾಯಿತು. ಭಾವ ಹೋದ ಮೇಲೆ ನೀನು ಅದನ್ನು ಮಾರುತ್ತೀ ಎಂದುಕೊಂಡಿದ್ದೆವು. ನೀನೋ, ಸೀರೆಯ ಸೆರಗು ಸಿಕ್ಕಿಸಿಕೊಂಡು, ಒಣಗಿದ ಕೆರೆಯಂಗಳದಲ್ಲಿ ಸುತ್ತು ಹೊಡೆದು ಹೊಡೆದು ಓಡಿಸುವುದನ್ನೇ ಕಲಿತೆ! ಅರವತ್ತು ದಾಟಿದ ಮೇಲೆ. ಸಂತೆಯ ದಿನ ಕೊಣನೂರಿಗೆ, ಬೇಸರವಾದ ದಿನ ಅರಕಲಗೂಡಿಗೆ, ಏನೂ ಇಲ್ಲದ ದಿನ ಸುಮ್ಮನೆ ಕಾವೇರಿಯ ದಂಡೆಗೆ. ಒಮ್ಮೆ ನಾನು ಪಕ್ಕದಲ್ಲಿ ಕೂತಿದ್ದೆ. ಸ್ಟೇರಿಂಗಿನ ಮಗ್ಗುಲಲ್ಲೇ ಇರುವ ಗೇರಿನ ಕಡ್ಡಿಯನ್ನು ನೀನು ಹಸುವಿನ ಮೈ ಸವರಿದಷ್ಟು ಮೆಲ್ಲಗೆ ಸರಿಸುತ್ತಿದ್ದೆ. ನಿನ್ನ ಮುಖದಲ್ಲಿ ಆವತ್ತು ಇದ್ದುದನ್ನು ನಾನು ಮತ್ತೆ ಎಲ್ಲೂ ಕಂಡಿಲ್ಲ.

ಅದನ್ನೇ ಕೊಡು ಎಂದು ನಾನು ಕೇಳಿದೆ.

ನಿವೃತ್ತಿಯಾದ ಮೇಲೆ ಮಲೇಶಿಯಾದ ಪೆನಾಂಗಿಗೆ, ಸರೋಜಳ ತವರಿಗೆ, ಹೋಗಿ ನೆಲೆಸುತ್ತೇವೆ ಎಂದಾಗ ನೀನು ಬಿದ್ದು ಬಿದ್ದು ನಕ್ಕೆ. "ಈ ವಯಸ್ನಾಗೆ ಮನೆ ಅಳಿಯ ಆಗಕ್ಕೆ ಒಂಟ್ಯೇನ್ಲಾ?" ಆಮೇಲೆ ನೀನೇ ಸಮಾಧಾನ ಹೇಳಿದೆ — ಮೈಸೂರಿಗೆ ಓದಲು ಬಂದ ಹುಡುಗಿ ನನ್ನನ್ನು ಕಟ್ಟಿಕೊಂಡು ಇಷ್ಟು ವರ್ಷ ನಮ್ಮೂರಲ್ಲೇ ಬಾಳಿದಳು, ಇನ್ನು ನನ್ನ ಸರದಿ ಎಂದು. ಅಲ್ಲಿ ನೆಲೆಸಲು ಹೋಗುವವರು ಸ್ವಂತ ಕಾರನ್ನು ಹಡಗಿನಲ್ಲಿ ಒಯ್ಯಬಹುದು ಎಂದು ಯಾರೋ ಹೇಳಿದ್ದರು. ಪೂರ್ತಿ ವಿಚಾರಿಸಿ ಎಂದಳು ಸರೋಜ. ನಾನು ವಿಚಾರಿಸಲಿಲ್ಲ. ಸೀದಾ ನಿನ್ನ ಬಳಿ ಬಂದು ಹೇಳಿದೆ: "ನಮ್ಮುಡುಗಿ ಜೊತೇಲಿದ್ರೆ ಊರೇ ಜೊತೇಲಿದ್ದಂಗೆ ಅಕ್ಕ. ನನಗೆ ಕೊಟ್ಬುಡು."

ನೀನು ಶೆಡ್ಡಿನ ಕಡೆ ನೋಡಿದೆ. "ತಗಂಡೋಗು. ನಿನ್ಗಿಂತ ಎಚ್ಚಾ ನಂಗೆ?" ಎಂದೆ.

ಹೊರಡುವ ಬೆಳಿಗ್ಗೆ ಅದಕ್ಕೆ ಮಡಿಲು ತುಂಬಿಸಿದೆ. "ಎಣ್ಮಗ ಬರಿಮಡ್ಲಲ್ಲಿ ಓಗಬಾರ್ದು ಕಣ್ಲಾ." ಗಂಡನಿಲ್ಲದ ನೀನು ಮಡಿಲು ತುಂಬುವ ಹಾಗಿಲ್ಲ; ಪಕ್ಕದ ಮನೆಯ ರತ್ನಮ್ಮನನ್ನು ಕರೆಸಿ, ಮುಂದಿನ ಸೀಟಿನ ಮೇಲೆ ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ಇಡಿಸಿ, ನೀನು ದೂರದಲ್ಲಿ ಕಂಬ ಹಿಡಿದು ನಿಂತೆ. ಆಮೇಲೆ, ಹಿರೀಸಾವೆವರೆಗೂ ನಾನೇ ಓಡಿಸುತ್ತೇನೆ ಎಂದು ನೀನು ಹಟ ಹಿಡಿದೆ. ಹೊಳೆನರಸೀಪುರ ದಾಟಿತು, ಚನ್ನರಾಯಪಟ್ಟಣ ದಾಟಿತು. ಹಿರೀಸಾವೆಯ ಹೋಟೆಲಿನ ಮುಂದೆ ನಿಲ್ಲಿಸಿ, ಕೀಲಿಯನ್ನು ನನ್ನ ಕೈಗಿಟ್ಟು, ಕಾಫಿಯನ್ನೂ ಕುಡಿಯದೆ ಎದುರು ಬಂದ ಬಸ್ಸು ಹತ್ತಿದೆ.

ಚೆನ್ನೈ ಬಂದರಿನ ಏಜೆಂಟು ಕಾರನ್ನೊಮ್ಮೆ ಸುತ್ತಿ ಬಂದು ನಕ್ಕ. "ಇಷ್ಟು ಹಳೇ ಗಾಡಿ, ಅದೂ ನಿಮ್ಮ ಹೆಸರಿಗೆ ಬಂದಿರೋದೇ ಮೊನ್ನೆ. ಅಲ್ಲಿ ಒಳಗೆ ಬಿಡಲ್ಲ ಸಾರ್. ಒಬ್ಬ ಡ್ರೈವರ್ ಹಿಡಿದು ಊರಿಗೆ ವಾಪಸ್ ಕಳಿಸಿಬಿಡಿ."

ಎಷ್ಟು ಸುಲಭವಿತ್ತು ಅಕ್ಕ! ಎರಡನೆಯ ದಿನಕ್ಕೆ ಅದು ನಿನ್ನ ಬಾಗಿಲಲ್ಲಿರುತ್ತಿತ್ತು. ಆದರೆ ನಾನು ಊರಿಗೆಲ್ಲ ಡಂಗುರ ಹೊಡೆದು ಬಂದಿದ್ದೆ. ಮಡಿಲು ತುಂಬಿಸಿಕೊಂಡು ಹೋದದ್ದು ವಾರದೊಳಗೆ ತಿರುಗಿ ಬಂದರೆ ಜನ ಏನೆಂದಾರು ಎಂದುಕೊಂಡೆ. ಅಲ್ಲಿ ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೇಳಿದೆ: "ಇಲ್ಲೇ ಯಾರಿಗಾದ್ರೂ ಕೊಟ್ಬಿಡಿ." ಸಂಜೆ ಗುಜರಿಯವನು ಬಂದ. ಓಡಿಸಿಕೊಂಡೂ ಹೋಗಲಿಲ್ಲ, ಕೊಂಡಿ ಹಾಕಿ ಎಳೆದುಕೊಂಡು ಹೋದ. ಸೀಟಿನ ಸಂದಿನಲ್ಲಿ ಅಕ್ಕಿ ಇನ್ನೂ ಇತ್ತು.

ಪೆನಾಂಗಿಗೆ ಬಂದ ಮೇಲೆ ನಿನಗೆ ಫೋನು ಮಾಡಿದೆ. ನೀನು ಕೇಳುವ ಮೊದಲೇ ಹೇಳಿದೆ: "ಅಡಗಿಂದ ಇಳೀತು ಕಣಕ್ಕ. ಒಂದು ಗೀರೂ ಬಿದ್ದಿಲ್ಲ."

ಅಲ್ಲಿಂದ ಶುರು. ನಾನು ಸಂಜೆ ಸಮುದ್ರದ ದಂಡೆಯಲ್ಲಿ ನಡೆಯುವುದು, ಭಾನುವಾರ ಅದನ್ನೇ ಕಾರಿನಲ್ಲಿ ಹೋದಂತೆ ನಿನಗೆ ಹೇಳುವುದು. ನೀನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ ಎಂದು ನನಗೆ ಗೊತ್ತಾಗುತ್ತಿತ್ತು, ನಿನ್ನ ಉಸಿರಿನಿಂದಲೇ. "ದಿಬ್ಬ ಬಂತೇನ್ಲಾ? ಸೆಕೆಂಡ್‌ಗೆ ಆಕು, ಏದುಸಿರು ಬುಡ್ತಾಳೆ." ನಾನು ಹಾಕುತ್ತಿದ್ದೆ. "ವಸಿ ಗಾಜು ಇಳ್ಸು, ಗಾಳಿ ಬರ್ಲಿ." ಇಳಿಸುತ್ತಿದ್ದೆ. ಬರುಬರುತ್ತಾ ನನಗೂ ಅದರ ಸದ್ದು ಕೇಳತೊಡಗಿತು. ಕಡಲ ದಾರಿಯ ತಿರುವಿನಾಚೆ ಕೊಣನೂರು ಇರುತ್ತಿತ್ತು, ಮಬ್ಬಿನಲ್ಲಿ ಅಲೆ ಯಾವುದು ಕಾವೇರಿ ಯಾವುದು ತಿಳಿಯುತ್ತಿರಲಿಲ್ಲ, ಹಿಂದಿನ ಸೀಟಿನಲ್ಲಿ ಭಾವ ಟವೆಲು ಹೊದ್ದು ತೂಕಡಿಸುತ್ತಿದ್ದರು. ನೀನು ಓಡಿಸುತ್ತಿದ್ದೆ. ನಾನು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದೆ — ಎಷ್ಟು ಸುಖವಾಗಿತ್ತು ಅಂದರೆ, ಅದು ಸುಳ್ಳೆಂಬುದನ್ನೇ ಮರೆತುಬಿಡುತ್ತಿದ್ದೆ.

ಒಮ್ಮೆ ನೀನು ಒಳಗೆ ಹೋದಾಗ ರತ್ನಮ್ಮ ಫೋನು ತೆಗೆದುಕೊಂಡು ನಗುತ್ತಾ ಹೇಳಿದರು: "ನಿಮ್ಮ ತಾವ ಮಾತಾಡುವಾಗ ಅಕ್ಕೋರು ಎಡಗಾಲಲ್ಲಿ ನೆಲ ಒತ್ತುತಾ ಇರ್ತಾರೆ ಸಾ. ಕ್ಲಚ್ಚಂತೆ!"

ಅವತ್ತು ನಾನು ಊಟ ಮಾಡಲಿಲ್ಲ. ಸರೋಜ ಎಲ್ಲವನ್ನೂ ಬಲ್ಲವಳು. ತಟ್ಟೆ ಎತ್ತಿಟ್ಟಳು.

ಇಷ್ಟೇ ಆಗಿದ್ದರೆ — ಹೇಡಿತನ ಎಂದು ಒಪ್ಪಿಕೊಂಡು ಮುಗಿಸಬಹುದಿತ್ತು. ಇದರ ಕೆಳಗೆ ಇನ್ನೊಂದಿದೆ. ಊರಿನ ಮೇಲಿನ ಪ್ರೀತಿಗೆ ನಾನು ಕಾರು ಕೇಳಲಿಲ್ಲ. ಅದಕ್ಕೂ ಮೊದಲು ಕೊಣನೂರು ಸಂತೆಯಲ್ಲಿ ನಮ್ಮ ನೆಂಟರೊಬ್ಬರು ನನ್ನನ್ನು ತಡೆದು, "ಏನ್ ಮೇಷ್ಟ್ರೇ, ಗಂಡ ಓದ್ಮೇಲೆ ನಿಮ್ಮಕ್ಕಂಗೆ ರೆಕ್ಕೆ ಬಂದದಲ್ಲ, ವಸಿ ಬುದ್ಧಿ ಏಳಿ" ಎಂದಿದ್ದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ನಿನ್ನ ಪರವಾಗಿ ಒಂದು ಮಾತು — ಒಂದೇ ಒಂದು — ಬರಲಿಲ್ಲ ನನಗೆ. ನಿನಗೆ ಬುದ್ಧಿ ಹೇಳುವ ಧೈರ್ಯವೂ ಇರಲಿಲ್ಲ. ಕಾರನ್ನೇ ಇಲ್ಲವಾಗಿಸಿದರೆ ಎಲ್ಲ ತಣ್ಣಗಾಗುತ್ತದೆ ಎಂದು ಒಳಗೊಳಗೇ ಲೆಕ್ಕ ಹಾಕಿ, ಅದಕ್ಕೆ ಊರಪ್ರೇಮದ ಬಟ್ಟೆ ಉಡಿಸಿ ನಿನ್ನ ಮುಂದೆ ತಂದೆ. ಏಜೆಂಟು ವಾಪಸ್ ಕಳಿಸಿ ಎಂದಾಗ ನನಗೆ ಬೇಡವಾಗಿದ್ದೂ ಅದೇ. ನೀನು ಮತ್ತೆ ಓಡಿಸುವುದು.

ಕಳೆದ ಭಾನುವಾರ ನೀನು ಕೇಳಿದೆ. "ಈ ಸಲ ಗೌರಿ ಅಬ್ಬಕ್ಕೆ ನಮ್ಮುಡುಗೀನ ತವರಿಗೆ ಕರ್ಕಂಬಾ ಕಣ್ಲಾ. ಬಂದ ಅಡಗಲ್ಲೇ ತಿರುಗಿ ಬರಕ್ಕಾಗಕಿಲ್ವಾ? ಕಣ್ಣು ಮಂಜಾಯ್ತಾ ಅವೆ. ಪೂರಾ ಓಗಕ್ ಮುಂಚೆ ಒಂದ್ಸಲ, ಒಂದೇ ಸಲ, ನಾನೇ ಓಡುಸ್ಬೇಕು. ಶೆಡ್ಡು ಗುಡ್ಸಿ ಸಾರ್ಸಿವ್ನಿ."

"ಆಗ್ಲಿ ಅಕ್ಕ" ಎಂದೆ. ಅದು ನನ್ನ ಕೊನೆಯ ಸುಳ್ಳು.

ಕ್ಷಮಿಸು ಎಂದು ಬರೆಯಲಾರೆ. ಆ ಮಾತು ಕೇಳುವುದೂ ನಿನ್ನಿಂದ ಇನ್ನೊಂದನ್ನು ಕಸಿದುಕೊಂಡ ಹಾಗೆ. ನಾನು ಬರುತ್ತೇನೆ. ನೀನು ಬೈದರೆ ನಿಂತು ಕೇಳುತ್ತೇನೆ, ಬಾಗಿಲು ಹಾಕಿದರೆ ಜಗುಲಿಯ ಮೇಲೆ ಕೂತಿರುತ್ತೇನೆ. ಸಂತೆಯ ದಿನ ಕೊಣನೂರಿಗೆ ಹೋಗಿ, ಅಂದು ನಕ್ಕ ಜಾಗದಲ್ಲೇ ನಿಂತು, ನಾನು ಮಾಡಿದ್ದನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಅದರಿಂದ ನಿನ್ನ ಕಣ್ಣಿಗೆ ಬೆಳಕು ಬರುವುದಿಲ್ಲ, ಕೈಗೆ ಕೀಲಿಯೂ ಬರುವುದಿಲ್ಲ. ಗೊತ್ತು.

ಹಬ್ಬದ ದಿನ ಶೆಡ್ಡಿನ ಬಾಗಿಲು ತೆಗೆದಿಟ್ಟು ಕಾಯಬೇಡ ಅಕ್ಕ. ನಾನೊಬ್ಬನೇ ಬರುತ್ತಿದ್ದೇನೆ.