ಕೊಳವೆಯ ಬಾಯಿಗೆ ಕಟ್ಟಿದ ಜರಡಿ

ನಲ್ಲಿ ನೀರು ನಲ್ಲಿಯಲ್ಲಿ ಹುಟ್ಟುವುದಿಲ್ಲ. ಬೆಟ್ಟದ ನೆತ್ತಿಯ ತೊರೆಯಿಂದ ಬರುತ್ತದೆ, ಅಲ್ಲಿನ ಕಪ್ಪೆಗಳ ಗೊದಮೊಟ್ಟೆಗಳೂ ಅದರ ಜೊತೆ ಕೊಳವೆಯೊಳಗೆ ಜಾರಿ ಸಾಯುತ್ತವೆ. ಕೊಳವೆಯ ಬಾಯಿಗೊಂದು ಬಲೆ ಹಾಕಿಸಿ ಎಂದು ಊರಿಗೆ ನೀರು ಬಿಡುವ ನೀರಗಂಟಿ ಪಂಚಾಯಿತಿ ಕಚೇರಿಯಲ್ಲಿ ಕೇಳಿ ಕೇಳಿ ಸುಸ್ತಾದ. ಕೊನೆಗೆ ಮನೆಯ ಹಿಟ್ಟಿನ ಜರಡಿಯನ್ನೇ ಎಗರಿಸಿ ತಂದು ಅಲ್ಲಿ ತಂತಿಯಿಂದ ಬಿಗಿದ.

"ರೀ, ಹಿಟ್ಟಿನ ಹುಳ ನಮಗೆ, ಜರಡಿ ಕಪ್ಪೆಗಾ?" ಎಂದು ಹೆಂಡತಿ ಗದರಿದಳು.

"ಪಾಪ, ಅವಕ್ಕೆ ಯಾರಿದ್ದಾರೆ ಕಣೇ?"

"ನಂಗ್ಯಾರಿದ್ದಾರೆ?"

ಜರಡಿ ಬಿಚ್ಚಿ ತಂದೇ ತೀರುತ್ತೇನೆಂದು ಅವಳು ಏದುಸಿರು ಬಿಡುತ್ತ ಬೆಟ್ಟ ಹತ್ತಿದಳು. ಅವನು ಬಾಲ ಮುದುರಿಕೊಂಡು ಹಿಂದೆ ನಡೆದ. ಜರಡಿಯ ತುಂಬ ಉಗುರಿನಷ್ಟು ಮರಿಗಳು, ಸೆಳವಿಗೆ ಕೊಚ್ಚಿಹೋಗದಂತೆ ಬಾಯಿಂದಲೇ ಜಾಲರಿಗೆ ಅಂಟಿಕೊಂಡಿದ್ದವು. ಅವಳು ಒಂದನ್ನು ಬೆರಳಿಂದ ಮೆಲ್ಲಗೆ ಎಳೆದಳು. ಜಪ್ಪಯ್ಯ ಅಂದರೂ ಅದು ಬಿಡಲಿಲ್ಲ.

"ಹಿಡಿದದ್ದು ಬಿಡೋದೇ ಇಲ್ವಲ್ಲ, ಥೇಟ್ ನಿಮ್ಮಮ್ಮ," ಎಂದವಳೇ ಬರಿಗೈಲಿ ಇಳಿದುಬಂದಳು.

ಈಗ ಆ ಮನೆಯಲ್ಲಿ ಹಿಟ್ಟನ್ನು ಹಳೇ ಬಟ್ಟೆಯಲ್ಲಿ ಸೋಸುತ್ತಾರೆ, ಅರ್ಧ ಹಿಟ್ಟು ಅವಳ ಮೂಗಿನ ಮೇಲಿರುತ್ತದೆ. ಆ ನೀರು ಕುಡಿಯುವವರು ನೀವೂ ತಾನೇ? ನಾಳೆಯೇ ಕಚೇರಿಗೆ ಹೋಗಿ, ಬಲೆ ಹಾಕಿಸುವ ತನಕ ಕುರ್ಚಿ ಬಿಟ್ಟು ಏಳಬೇಡಿ. ಅವಳ ಜರಡಿ ಅವಳಿಗೆ ಕೊಡಿಸಿ.