ಗಚ್ಚಿಯ ಬಾಗಿಲಿಗೆ ಎರಡು ಕೀಲಿಕೈ

ರಾಧಾಬಾಯಿ ತಮ್ಮ ನೌಕರಿಯ ಬಹುಭಾಗವನ್ನು ಬ್ಯಾಂಕಿನ ಲಾಕರ್ ಕೋಣೆಯಲ್ಲೇ ಕಳೆದರು. ಗಿರಾಕಿ ಬಂದರೆ ತಮ್ಮ ಕೀಲಿಕೈ ತಿರುವಿ, ಹೊರಗೆ ಬಂದು, ಬೆನ್ನು ತಿರುಗಿಸಿ ನಿಲ್ಲುವುದು ಅವರ ಕೆಲಸ. ಒಳಗಿನ ಬಂಗಾರದ ಮೇಲೆ ಅವರಿಗೆ ಎಂದೂ ಮನಸ್ಸು ಹೋಗಲಿಲ್ಲ; ಬೀಗದ ಹೊಟ್ಟೆಯಲ್ಲಿ ಏನಿದೆ ಎಂದು ನೋಡುವ ಚಪಲ ಮಾತ್ರ ಬೆಳೆಯುತ್ತಲೇ ಹೋಯಿತು. ನಿವೃತ್ತರಾದದ್ದೇ ತಡ, ಕೋಥರೂಡದ ತಮ್ಮ ಫ್ಲ್ಯಾಟಿನ ಬೀಗವನ್ನೇ ಬಿಚ್ಚಿದರು. ಪತಿ ಮಧ್ವೇಶರು ಕಾಯಿಪಲ್ಲೆ ತಂದಾಗ ಬಾಗಿಲಲ್ಲಿ ದುಂಡನೆಯ ತೂತು, ಊಟದ ಮೇಜಿನ ತುಂಬ ಹಿತ್ತಾಳೆಯ ಚೂರು.

“ಈ ಮನಿಗೆ ಬಾಗಲಾ ಅದನೋ ಇಲ್ಲೋ?”

“ಬಾಗಲಾ ಅದರಿ, ಕೀಲಿ ಅಷ್ಟ ಇಲ್ಲ. ನೀವು ಹೊಸ್ತಲದಾಗ ಕೂತು ಅವರಿಕಾಯಿ ಸುಲೀರಿ. ಕಳ್ಳ ಬರೂದಿಲ್ಲ.”

ಮಧ್ವೇಶರು ಕೂತು ಸುಲಿದರು. ಅಂದಿನಿಂದ ರಾಧಾಬಾಯಿಗೆ ಬೀಗ ಬಿಚ್ಚಿ ಜೋಡಿಸುವುದೇ ಹವ್ಯಾಸವಾಯಿತು.

ಆ ಬೇಸಿಗೆ ಸೊಸೈಟಿಯ ಸೆಕ್ರೆಟರಿ ಪಂಢರಿನಾಥರು ಕಟ್ಟಡದ ನೆತ್ತಿಯ ಗಚ್ಚಿಯ ಮೇಲೆ ಸಂಡಿಗೆ ಹಾಕುವುದನ್ನು ನಿಷೇಧಿಸಿದರು. ಪಾರಿವಾಳ ಬರುತ್ತವೆ, ಹೊಲಸಾಗುತ್ತದೆ ಎಂದು ಕಾರಣ. ನಿಪ್ಪಾಣಿ ಕಡೆಯ ಮನುಷ್ಯ. ಮೀಟಿಂಗಿನಲ್ಲಿ ಮರಾಠಿ, ರಾಧಾಬಾಯಿಯ ಜೊತೆ ಕನ್ನಡ, ಎರಡರಲ್ಲೂ ಹಟವೊಂದೇ. ಗಚ್ಚಿಯ ಬಾಗಿಲಿಗೆ ಹೊಸ ಬೀಗ ಜಡಿಸಿ ಕೀಲಿಕೈಯನ್ನು ತಮ್ಮ ಜನಿವಾರಕ್ಕೇ ಕಟ್ಟಿಕೊಂಡರು. ಎದುರುಮನೆಯ ಶಿವಾನಿ ಅಷ್ಟರಲ್ಲಿ ಸಂಡಿಗೆಗೆಂದು ಅಕ್ಕಿ ನೆನೆಹಾಕಿಯಾಗಿತ್ತು.

ಆದರೆ ಹೊಸ ಬೀಗ ಸೆಟೆದುಕೊಂಡಿತು. ಪಂಢರಿನಾಥರು ಅದನ್ನು ಬಿಚ್ಚಿಸಿ ತಾವೇ ತಂದುಕೊಟ್ಟರು. “ರಾಧಾಬಾಯಿಯವರ, ಭಾಳ ಬಿಗಿ ಆಗೇದ. ಸ್ವಲ್ಪ ನೋಡ್ರಿ.”

“ನೋಡದ ಬಿಡ್ತೀನೇನ್ರಿ?” ಎಂದರು ರಾಧಾಬಾಯಿ.

ಪಂಢರಿನಾಥರು ಕೀಲಿಕೈಯನ್ನೂ ಕೊಟ್ಟು ಹೋದ ಮೇಲೆ ರಾಧಾಬಾಯಿ ಅದನ್ನು ಹಾಕಿ ತುಸು ತಿರುವಿ, ಹಿಂದಿನ ಕ್ಲಿಪ್ಪು ಕಳಚಿದರು. ಕೀಲಿಕೈಯ ಜೊತೆ ತಿರುಗುವ ಒಳಗಿನ ಉರುಳೆಯನ್ನು ಹೊರತಳ್ಳುತ್ತ, ಹಿಂದಿನಿಂದ ಅಷ್ಟೇ ದಪ್ಪದ ಕಟ್ಟಿಗೆಯ ತುಂಡನ್ನು ಒತ್ತುತ್ತ ಹೋದರು. ಇಲ್ಲದಿದ್ದರೆ ಮೇಲಿನ ಸ್ಪ್ರಿಂಗು, ಪಿನ್ನುಗಳು ಮಿಡತೆಗಳಂತೆ ಹಾರಿಬಿಡುತ್ತವೆ. ಉರುಳೆಯ ತೂತುಗಳಲ್ಲಿ ಗಿಡ್ಡ-ಉದ್ದದ ಪಿನ್ನುಗಳು ಕೀಲಿಕೈಯ ಹಲ್ಲುಗಳ ಮೇಲೆ ಕೂತು, ತಲೆಗಳನ್ನು ಸಪಾಟಾಗಿ ಒಂದೇ ಮಟ್ಟಕ್ಕೆ ತಂದುಕೊಂಡಿದ್ದವು. ಹಾಗೆ ಮಟ್ಟವಾದರಷ್ಟೇ ಉರುಳೆ ತಿರುಗುವುದು.

ಶಿವಾನಿ ಬಗ್ಗಿ ನೋಡಿದಳು. “ಇವನ್ನ ಬದಲಿ ಮಾಡಿದ್ರ ಅವರ ಕೀಲಿಕೈ ಹತ್ತೂದಿಲ್ಲ ಅಲ್ರಿ ಮಾವಶಿ?”

“ಹತ್ತಲಿಲ್ಲಂದ್ರ ನಾಳೆ ಬ್ಯಾರೆ ಕೀಲಿ ತರ್ತಾರ. ಅವರದೂ ಹತ್ತಬೇಕು, ನಮ್ಮದೂ ಹತ್ತಬೇಕು.”

ರಾಧಾಬಾಯಿಯ ಮನೆಯ ಬೀಗವೂ ಅದೇ ಕಂಪನಿಯದು, ಅದರ ಕೀಲಿಕೈ ಇದರೊಳಗೂ ಹೋಗುತ್ತಿತ್ತು. ಹಳೆಯ ಬೀಗಗಳಿಂದ ಉಳಿಸಿದ್ದ ತೆಳು ಬಿಲ್ಲೆಗಳನ್ನು ಎರಡೂ ಕೀಲಿಕೈಗೆ ಮಟ್ಟ ಸಿಗುವಂತೆ ಪಿನ್ನುಗಳ ಮೇಲೆ ಕೂರಿಸಿ, ಉಜ್ಜಿ, ಮತ್ತೆ ಬಿಚ್ಚಿ, ಬೈದು, ಜೋಡಿಸಿದರು. ಕೊನೆಗೆ ಪಂಢರಿನಾಥರ ಕೀಲಿಕೈಯೂ ತಿರುಗಿತು, ರಾಧಾಬಾಯಿಯ ಮನೆಯದೂ ತಿರುಗಿತು. ಪೆನ್ಸಿಲಿನ ಸೀಸದ ಪುಡಿ ಊದಿದ ಮೇಲಂತೂ ಬೆಣ್ಣೆಯಂತಾಯಿತು. ಪಂಢರಿನಾಥರು ಬಂದು ಧನ್ಯವಾದ ಹೇಳಿ ಒಯ್ದರು.

ಅವರು ಆಫೀಸಿಗೆ ಹೊರಟ ಮೇಲೆ ಸಂಡಿಗೆ ಗಚ್ಚಿಗೆ ಹೋಗುತ್ತಿತ್ತು. ಅವರು ಬರುವ ಮೊದಲೇ ಕೆಳಗಿಳಿಯುತ್ತಿತ್ತು. ಬಾಗಿಲು ತಾನೇ ಹಾಕಿಕೊಳ್ಳುವಂಥದ್ದು, ಗಚ್ಚಿಯ ಕಡೆ ಹಿಡಿಕೆಯೂ ಇಲ್ಲ, ಕೀಲಿಕೈಯ ತೂತೂ ಇಲ್ಲ. ಹೆಂಗಸರು ಇಟ್ಟಂಗಿ ಅಡ್ಡ ಇಡುತ್ತಿದ್ದರು. ಒಂದೇ ಸಂಕಟವೆಂದರೆ ದಿನಕ್ಕಿಷ್ಟು ಸಂಡಿಗೆ ಕಾಣೆಯಾಗುತ್ತಿತ್ತು. ಗಿಣಿಗಳ ಕಾಟ ಎಂದು ಶಿವಾನಿ ಶಪಿಸಿದಳು.

ಒಂದು ಮಧ್ಯಾಹ್ನ ಮೇಲಿನಿಂದ ಕೂಗು ಕೇಳಿಸಿತು. “ಯಾರರೆ ಬರ್ರೀ! ಬಾಗಲಾ ಹಾಕ್ಕೊಂಡದ!”

ಹೆಂಗಸರು ಮೆಟ್ಟಿಲೇರಿದರು. ಊಟದ ಹೊತ್ತಿಗೆ ಆಫೀಸಿನಿಂದ ಬಂದ ಪಂಢರಿನಾಥರು ಮೇಲೆ ಸಿಕ್ಕಿಬಿದ್ದಿದ್ದರು. ಕೆಳಗಿನ ವಾಚಮನ್ನನಿಗೆಂದು ಎಸೆದ ಕೀಲಿಕೈ ಪಕ್ಕದ ಕಟ್ಟಡದ ತಗಡಿನ ಮೇಲೆ ಬಿದ್ದಿತ್ತು. ಚಪ್ಪಲಿ ಬಾಗಿಲಿನ ಈಚೆಗೇ ಉಳಿದಿತ್ತು. ಆಚೆ ಬಿಸಿ ಗಚ್ಚು, ಬರಿಗಾಲು, ಅವರು ಕುಣಿಯುವ ಸದ್ದು.

ಶಿವಾನಿ ರಾಧಾಬಾಯಿಯ ಸೆರಗು ಜಗ್ಗಿದಳು. ತೆಗೆದರೆ ಎರಡನೆಯ ಕೀಲಿಕೈಯ ಗುಟ್ಟು ಬಯಲಾಗುತ್ತದೆ. ರಾಧಾಬಾಯಿ ಅರೆಗಳಿಗೆ ನಿಂತರು. ನಗುವೂ ಬಂತು, ಪಾಪ ಎಂದೂ ಅನ್ನಿಸಿತು. ಸೊಂಟದ ಕೀಲಿಕೈ ತೆಗೆದು ತಿರುವಿಬಿಟ್ಟರು.

ಬಾಗಿಲು ತೆರೆಯಿತು. ಪಂಢರಿನಾಥರ ಮೋರೆ ಕೆಂಪಗಿತ್ತು. ಒಂದು ಕೆನ್ನೆ ಉಬ್ಬಿತ್ತು. ಅರ್ಧ ಒಣಗಿದ ಸಂಡಿಗೆ ಅಂಗೈಯಲ್ಲೂ ಇತ್ತು, ಕಿಸೆಯಲ್ಲೂ ಇತ್ತು. ಅವರು ಆ ಕೀಲಿಕೈ ನೋಡಿದರು. ಇವರು ಆ ಕೆನ್ನೆ ನೋಡಿದರು.

ಬಾಯಲ್ಲಿದ್ದುದನ್ನು ಸಾವಕಾಶ ನುಂಗಿ ಪಂಢರಿನಾಥರೇ ಮೊದಲು ಮಾತಾಡಿದರು. “ಜೀರಿಗಿ ಇನ್ನೊಂದೀಟು ಬೇಕಾಗಿತ್ತರಿ.”

“ನಾಳಿಂದ ಹಾಕ್ತೀವ್ರಿ,” ಎಂದಳು ಶಿವಾನಿ.

“ಹಾಕ್ರಿ. ಪಾರಿವಾಳ ನಾ ಕಾಯ್ತೀನಿ.”

ತಗಡಿನ ಮೇಲಿನ ಕೀಲಿಕೈ ಯಾರ ಕೈ ಸೇರಿತೋ ತಿಳಿಯದು. ಅದು ಇನ್ನು ಹತ್ತದಂತೆ ಪಿನ್ನುಗಳನ್ನು ಮತ್ತೆ ಬದಲಿಸಬೇಕಾಯಿತು. ಭಾನುವಾರ ಪಂಢರಿನಾಥರು ರಾಧಾಬಾಯಿಯ ಮೇಜಿನೆದುರು ಕನ್ನಡಕ ಏರಿಸಿ ಕೂತರು. ಉರುಳೆ ಹೊರಬರುತ್ತಿದ್ದಂತೆ ಅವರ ಕೈ ತಾನಾಗಿ ಮುಂದೆ ಬಂತು.

“ಒಮ್ಮೆ ನಾ ಮಾಡಲೇನ್ರಿ?”

ರಾಧಾಬಾಯಿ ಕಟ್ಟಿಗೆಯ ತುಂಡನ್ನು ಅವರ ಕೈಗೆ ಕೊಟ್ಟರು. ಪಿನ್ನುಗಳು ಹಾರುವ ಮೊದಲೇ ಮಧ್ವೇಶರು ತಮ್ಮ ಚಹಾದ ಬಟ್ಟಲಿಗೆ ಮುಚ್ಚಳ ಹಾಕಿ ಒಳಗೆ ನಡೆದರು.